ಗುರುತು ಸಿಗದ ವಿಡಂಬನೆ: ಕೋಲಾರ ಸೀಮೆಯಿಂದ ಒಂದು ಓದು

ವಿಡಂಬನೆಯನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಹೇಳಿದವನ ಕಡೆಯಿಂದ ನಡೆದು ಬಂದಿದೆ. ಕವಿಯ ಗುರಿ ಯಾರು, ಅವನ ಉದ್ದೇಶವೇನು, ಅವನು ಬಳಸಿದ ಸಾಧನಗಳು ಯಾವುವು ಎಂದು ಕೇಳಿ ಉತ್ತರ ಪಡೆದರೆ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಕೇಳಿದವನು ಅದನ್ನು ವಿಡಂಬನೆಯೆಂದು ಅರಿತನೇ ಎಂಬ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ನಮ್ಮ ಆಲಂಕಾರಿಕರು ವ್ಯಾಜಸ್ತುತಿಯನ್ನು ವಿವರಿಸಿದ್ದಾರೆ. ಕಾಕು ವಕ್ರೋಕ್ತಿಯ ಲಕ್ಷಣವನ್ನೂ ಹೇಳಿದ್ದಾರೆ. ಈ ಎರಡೂ ಸಹೃದಯನೊಬ್ಬನು ಎದುರಿಗಿದ್ದಾನೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಅವನಿಲ್ಲದಿದ್ದರೆ ವ್ಯಾಜ ಬಿದ್ದುಹೋಗಿ ಸ್ತುತಿ ಮಾತ್ರ ಉಳಿಯುತ್ತದೆ. ಕಾಕು ಅಡಗಿ ಬರಿಯ ಹೇಳಿಕೆ ಉಳಿಯುತ್ತದೆ. ಹಾಗೆ ಉಳಿದದ್ದನ್ನು ನಾವು ಏನೆಂದು ಓದುತ್ತ ಬಂದಿದ್ದೇವೆ, ಯಾವ ತಲೆಬರಹದಡಿ ಗ್ರಂಥಾಲಯಗಳಲ್ಲಿ ಇರಿಸಿದ್ದೇವೆ ಎಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವುಂಟು. ಹೋಳೂರು, ವೇಮಗಲ್, ನರಸಾಪುರಗಳಂಥ ಹೋಬಳಿಗಳಲ್ಲಿ ಮನೆಯ ಮಾತು ಒಂದು, ಸಂತೆಯ ಮಾತು ಇನ್ನೊಂದು, ಕಚೇರಿಯ ಮಾತು ಮತ್ತೊಂದು ಆಗಿರುವುದು ಸಾಮಾನ್ಯ. ಕನ್ನಡ ತೆಲುಗುಗಳ ನಡುವೆ ದಿನಕ್ಕೆ ಹತ್ತು ಸಲ ದಾಟಿ ಬರುವವರು ಇಲ್ಲಿನ ಜನ. ಇಂಥ ಕಡೆ ಅಣಕ ಎಂಬುದು ಎಷ್ಟೋ ವೇಳೆ ಪದಗಳಲ್ಲಿ ಇರುವುದೇ ಇಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವ ಗಳಿಗೆಯಲ್ಲಿ ಇರುತ್ತದೆ. ತೆಲುಗಿನಲ್ಲಿ ಸರಾಗವಾಗಿ ಮಾತನಾಡುತ್ತಿದ್ದ ಪಾತ್ರ ಇದ್ದಕ್ಕಿದ್ದಂತೆ ಕಚೇರಿಯ ಕನ್ನಡಕ್ಕೆ ತಿರುಗಿದರೆ ಕೇಳುಗರಿಗೆ ಯಾರ ಅನುಕರಣೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಬರವಣಿಗೆಗೆ ಇಳಿಸುವವನು ಎರಡನ್ನೂ ಒಂದೇ ಕನ್ನಡ ಲಿಪಿಯಲ್ಲಿ, ಒಂದೇ ಅಚ್ಚುಮೊಳೆಯಲ್ಲಿ ಕೊಟ್ಟಾಗ ಆ ಹೊರಳು ಮಾಯವಾಗುತ್ತದೆ.

ಗುರುತು ಸಿಗದಿರುವುದನ್ನೇ ಕಲೆಯನ್ನಾಗಿ ಮಾಡಿಕೊಂಡ ಒಂದು ಪ್ರಕಾರದಿಂದ ಆರಂಭಿಸಬಹುದು. ಹಗಲುವೇಷಗಾರರು, ತೆಲುಗಿನವರು ಪಗಟಿ ವೇಷಾಲು ಎಂದು ಕರೆಯುವ ಕಲೆಯವರು, ರಂಗವಿಲ್ಲದೆ, ತೆರೆಯಿಲ್ಲದೆ, ಹಾಡುಹಗಲಲ್ಲಿ ಬೀದಿಗೆ ಇಳಿಯುತ್ತಾರೆ. ರಾಮಲಕ್ಷ್ಮಣರು, ಅರ್ಧನಾರೀಶ್ವರ ಮುಂತಾದ ಪುರಾಣವೇಷಗಳ ಜೊತೆಗೆ ಅಧಿಕಾರಿ, ಪೊಲೀಸು, ಫಕೀರ, ಸೋಮಯಾಜುಲು ಮತ್ತು ಸೋಮಿದೇವಮ್ಮ ಎಂಬ ಕರ್ಮಠ ದಂಪತಿಗಳ ವೇಷಗಳೂ ಇವರಲ್ಲಿವೆ. ರಾಮನ ವೇಷವನ್ನು ಕಂಡು ಯಾರೂ ಮೋಸಹೋಗುವುದಿಲ್ಲ. ಅಧಿಕಾರಿಯ ವೇಷ ಹಾಗಲ್ಲ. ಬಾಕಿ ಕಂದಾಯದ ಲೆಕ್ಕ ಕೇಳುತ್ತ ಜಗುಲಿಯ ಮುಂದೆ ನಿಂತ ವೇಷಗಾರನನ್ನು ಮನೆಯ ಯಜಮಾನ ನಿಜವೆಂದೇ ಬಗೆದು ಕೈಮುಗಿದರೆ ಕಲಾವಿದನು ಗೆದ್ದನೆಂದು ಅರ್ಥ. ಕೈಮುಗಿದ ಯಜಮಾನನ ನಡುಕವೇ ಅಲ್ಲಿನ ವಿಡಂಬನೆ. ಅಧಿಕಾರವೆಂಬುದು ಒಂದು ಕೋಟು, ಒಂದು ಗದರಿಕೆ, ಕಂಕುಳಲ್ಲಿ ಒಂದು ಕಡತ ಇಷ್ಟೇ ಎಂಬುದನ್ನು ಆ ನಡುಕ ಊರಿಗೆಲ್ಲ ತೋರಿಸಿಕೊಡುತ್ತದೆ.

ಈ ಕಲೆಯ ಕಟ್ಟಳೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ತಂಡವು ಊರಿನಲ್ಲಿ ಕೆಲವು ದಿನ ಬೀಡುಬಿಟ್ಟು ದಿನಕ್ಕೊಂದು ವೇಷ ತೋರಿಸಿ, ಕೊನೆಯಲ್ಲಿ ಮನೆಮನೆಗೆ ಬಂದು ದವಸವನ್ನೋ ಹಣವನ್ನೋ ಪಡೆಯುತ್ತದೆ. ಮೊನ್ನೆ ಗದರಿಸಿ ಹೋದ ಅಧಿಕಾರಿ ಇಂದು ಜೋಳಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಗುರುತಿಸದೆ ಇದ್ದವರು ಆಗಲಾದರೂ ಗುರುತಿಸಲೇಬೇಕು. ಅರಿಯದಿರುವ ಅವಧಿಗೆ ಇಲ್ಲಿ ಒಂದು ಮಿತಿ ಇದೆ. ಆ ಮಿತಿಯನ್ನು ಕಲಾವಿದನ ಹೊಟ್ಟೆಪಾಡೇ ನಿಗದಿಪಡಿಸಿದೆ. ಬರಹದ ವಿಡಂಬನೆಗೆ ಇಂಥ ಕೊನೆಯ ದಿನವಿಲ್ಲ. ಓಲೆಗರಿಯೂ ಪುಸ್ತಕವೂ ಜೋಳಿಗೆ ಹಿಡಿದು ಓದುಗನ ಬಾಗಿಲಿಗೆ ಮತ್ತೆ ಬರುವುದಿಲ್ಲ.

ವೇಷಗಾರರ ಕಸುಬಿನಲ್ಲಿ ಅಪಾಯವೂ ಇತ್ತು, ಅಧಿಕಾರವೂ ಇತ್ತು ಎನ್ನುವುದಕ್ಕೆ ಕಡಪ ಸೀಮೆಯ ಮಾಚುಪಲ್ಲಿ ಕೈಫಿಯತ್ತಿನ ಐತಿಹ್ಯವನ್ನು ವಿದ್ವಾಂಸರು ಮೇಲಿಂದ ಮೇಲೆ ಉಲ್ಲೇಖಿಸುತ್ತಾರೆ. ಸಮ್ಮೆಟ ಗುರುವರಾಜು ಎಂಬ ಪಾಳೆಯಗಾರನು ಕಂದಾಯಕ್ಕಾಗಿ ಹೆಂಗಸರನ್ನು ಹಿಂಸಿಸುತ್ತಿದ್ದುದನ್ನು ಕೂಚಿಪೂಡಿಯ ಮೇಳದವರು ವಿಜಯನಗರದ ವೀರನರಸಿಂಹರಾಯನ ಮುಂದೆ ಆಡಿ ತೋರಿಸಿದರೆಂದೂ, ಅರಸನು ಸೂಚನೆಯನ್ನು ಗ್ರಹಿಸಿ ಆ ಪಾಳೆಯಗಾರನನ್ನು ಹಿಡಿಸಿ ಕೊಲ್ಲಿಸಿದನೆಂದೂ ಕಥೆ. ಇದನ್ನು ಸಾಮಾನ್ಯವಾಗಿ ಕೂಚಿಪೂಡಿ ಕಲೆಯ ಪ್ರಾಚೀನತೆಗೆ ಆಧಾರವಾಗಿ ಬಳಸುತ್ತಾರೆ. ನನಗೆ ಇದು ಶ್ರೋತೃವಿನ ಕಥೆಯಾಗಿ ಕಾಣುತ್ತದೆ. ಆಟದವರು ಹೆಸರು ಹೇಳದೆ ಆಡಿದರು. ಅರಸನು ಹೆಸರು ಕೇಳಿ ತಿಳಿದನು. ಹೀಗೆ ಕೇಳುವ ಮನಸ್ಸಿಲ್ಲದ ದೊರೆಯಾಗಿದ್ದರೆ ಅಂದಿನ ಆಟ ರಾತ್ರಿಯೊಂದರ ಮನರಂಜನೆಯಾಗಿ ಮುಗಿದು ಹೋಗುತ್ತಿತ್ತು.

ಅರಿಯದಿರುವುದಕ್ಕೂ ಅರಿಯದಂತೆ ಇರುವುದಕ್ಕೂ ಅಂತರವಿದೆ. ಕನ್ನಡದ ಜಾಣಗಿವುಡು ಎಂಬ ಮಾತು ಈ ಎರಡನೆಯದಕ್ಕೆ ಸಲ್ಲುತ್ತದೆ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಗೊಂಬೆಗಳು ಊರ ದೊಡ್ಡವರ ನಡೆಯನ್ನು ಎತ್ತಿ ಆಡುವಾಗ ಮುಂದಿನ ಸಾಲಿನಲ್ಲಿ ಕುಳಿತ ದೊಡ್ಡವರು ಎಲ್ಲರಿಗಿಂತ ಜೋರಾಗಿ ನಗುವುದುಂಟು. ನಕ್ಕರೆ ಅದು ತನ್ನದಲ್ಲ ಎಂದಾಗುತ್ತದೆ. ಸಿಟ್ಟಾದರೆ ತನ್ನದೇ ಎಂದು ಒಪ್ಪಿದಂತಾಗುತ್ತದೆ. ತತ್ತ್ವಪದಗಳ ವಿಷಯದಲ್ಲಿಯೂ ಹೀಗೆಯೇ. ಕಪಟ ಗುರುಗಳನ್ನು ಹಳಿಯುವ ಪದವನ್ನು ಯಾವ ಗುರುವಿನ ಸನ್ನಿಧಿಯಲ್ಲಿಯೂ ಹಾಡಬಹುದು, ಏಕೆಂದರೆ ಪ್ರತಿಯೊಬ್ಬ ಗುರುವೂ ಅದು ಪಕ್ಕದ ಮಠದವನನ್ನು ಕುರಿತದ್ದೆಂದು ತಿಳಿದು ತಲೆದೂಗುತ್ತಾನೆ. ಈ ಜಾಣಗಿವುಡು ವಿಡಂಬನೆಯ ಸೋಲೇನೂ ಅಲ್ಲ. ಅದು ಗುರುತಿಸುವಿಕೆಯ ಒಂದು ಬಗೆ. ನಿಜವಾದ ಕಿವುಡು ಬೇರೆ. ಅದು ಊರಿನಲ್ಲಿ ಕಡಮೆ, ಸಂಗ್ರಹಗಳಲ್ಲಿ ಹೆಚ್ಚು.

ಮದುವೆಯ ಬೀಗರ ಹಾಡುಗಳನ್ನು ನೋಡಿ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರ ಮೂಗು, ಹೊಟ್ಟೆ, ಜಿಪುಣತನ, ವಂಶಗಳನ್ನೆಲ್ಲ ಎಳೆದು ಹಾಡುವ ಈ ಪದಗಳು ಆ ದಿನ ಆ ಚಪ್ಪರದಡಿಯಲ್ಲಿ ಮಾತ್ರ ನಗೆಯನ್ನು ಹುಟ್ಟಿಸುತ್ತವೆ. ಮರುವಾರ ಅದೇ ಪದವನ್ನು ಅದೇ ಬೀಗಿತ್ತಿಯ ಮುಂದೆ ಹಾಡಿದರೆ ಜಗಳವಾಗುತ್ತದೆ. ಚಪ್ಪರವೂ ಇಲ್ಲದ, ಬೀಗಿತ್ತಿಯೂ ಇಲ್ಲದ ಅಚ್ಚಿನ ಪುಟದಲ್ಲಿ ಅದು ನಗೆಯೂ ಆಗದೆ ಜಗಳವೂ ಆಗದೆ ಸಂಪ್ರದಾಯದ ಹಾಡು ಎಂಬ ಗುಂಪಿಗೆ ಸೇರುತ್ತದೆ. ಹಲಸಂಗಿ ಗೆಳೆಯರ 1931ರ ಸಂಕಲನವು ನಮ್ಮ ಜಾನಪದ ಅಧ್ಯಯನಕ್ಕೆ ಹಾಕಿದ ಬುನಾದಿಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ‘ಗರತಿಯ ಹಾಡು’ ಎಂಬ ಹೆಸರೇ ಓದುಗನ ಕಿವಿಯನ್ನು ಮುಂಚಿತವಾಗಿ ಹದಗೊಳಿಸುತ್ತದೆ ಎಂಬುದನ್ನು ನೆನೆಯಬೇಕು. ಹಾಡುವವಳು ಗರತಿಯೆಂದು ಮೊದಲೇ ತೀರ್ಮಾನವಾದ ಮೇಲೆ ಗಂಡನನ್ನೋ ಅತ್ತೆಯನ್ನೋ ಹೊಗಳಿದ ಸಾಲಿನಲ್ಲಿ ಕೊಂಕು ಇರಬಹುದೆಂಬ ಸಂಶಯ ಓದುಗನಿಗೆ ಹುಟ್ಟುವುದು ಕಷ್ಟ. ಕೊಂಕು ಇರುವುದು ದನಿಯಲ್ಲಿ, ಒಂದು ಅಕ್ಷರವನ್ನು ಎಳೆಯುವುದರಲ್ಲಿ, ರಾಗಿ ಬೀಸುತ್ತಿರುವ ಇನ್ನೊಬ್ಬಳ ಕಡೆಗೆ ಹಾಯಿಸಿದ ಕಣ್ಣಿನಲ್ಲಿ.

ವರ್ಗೀಕರಣದ ಈ ಸಮಸ್ಯೆಗೆ ವೇಮನನ ಪ್ರಕರಣ ಇನ್ನೊಂದು ಮುಖವನ್ನು ತೋರಿಸುತ್ತದೆ. ಕೋಲಾರದ ಗಡಿಯಲ್ಲಿ ಸರ್ವಜ್ಞನಷ್ಟೇ ಸಲಿಗೆಯಿಂದ ಜನರ ನಾಲಗೆಯ ಮೇಲಿರುವ ಕವಿ ವೇಮನ. ಸಿ.ಪಿ. ಬ್ರೌನನು ವೇಮನನ ಪದ್ಯಗಳನ್ನು ಸಂಗ್ರಹಿಸಿ ಇಂಗ್ಲಿಷ್ ಅನುವಾದದೊಡನೆ 1829ರಲ್ಲಿ ಪ್ರಕಟಿಸಿದನು. ನೀತಿ, ಧರ್ಮ, ವಿಡಂಬನೆ ಎಂಬ ಮೂರು ವಿಭಾಗಗಳು ಬ್ರೌನನ ವೇಮನನಿಗೆ ಅಂಟಿಕೊಂಡು ಬಂದಿವೆ. ಹೊರಗಿನವನೊಬ್ಬನು ವಿಡಂಬನೆಯನ್ನು ವಿಡಂಬನೆಯೆಂದು ಹೆಸರಿಟ್ಟು ಗುರುತಿಸಿದ್ದು ದೊಡ್ಡ ಸಂಗತಿಯೇ. ಆದರೆ ಹಾಗೆ ಒಂದು ಪೆಟ್ಟಿಗೆಯನ್ನು ಪ್ರತ್ಯೇಕಿಸಿದ ಕೂಡಲೆ ಉಳಿದ ಎರಡು ಪೆಟ್ಟಿಗೆಗಳಲ್ಲಿ ವಿಡಂಬನೆ ಇಲ್ಲವೆಂದು ಹೇಳಿದಂತಾಯಿತು. ಮುಂದೆ ಶಾಲೆಯ ಪಠ್ಯಗಳು ನೀತಿಯ ಪೆಟ್ಟಿಗೆಯಿಂದ ಮಾತ್ರ ಆಯ್ದುಕೊಂಡವು. ಉತ್ತಂಗಿ ಚನ್ನಪ್ಪನವರು ಅಪಾರ ಶ್ರಮದಿಂದ ಸಂಪಾದಿಸಿದ ಸರ್ವಜ್ಞನ ವಚನಗಳೂ ವಿಷಯಾನುಸಾರ ಪದ್ಧತಿಗಳಾಗಿ ವಿಂಗಡಣೆಗೊಂಡೇ ನಮ್ಮ ಕೈಗೆ ಬಂದಿವೆ. ಒಂದು ತ್ರಿಪದಿಯಲ್ಲಿ ಗುರುವನ್ನು ಹೊಗಳಿ ಮರುಗಳಿಗೆಯಲ್ಲಿ ಗುರುವನ್ನು ಜರೆಯುವ ಭಿಕ್ಷುಕ ಕವಿಯ ನಡೆಯನ್ನು ಗುರುಸ್ತುತಿ, ಕಪಟಗುರು ಎಂದು ಎರಡು ಅಧ್ಯಾಯ ಮಾಡಿದರೆ, ಹೊಗಳಿಕೆಯ ಬೆನ್ನಿಗೇ ಜರೆಯುವುದರಿಂದ ಹುಟ್ಟುವ ಅನುಮಾನವೇ ಇಲ್ಲವಾಗುತ್ತದೆ.

ಇಷ್ಟನ್ನು ಪೀಠಿಕೆಯಾಗಿಟ್ಟುಕೊಂಡು ಕನಕದಾಸರ ‘ರಾಮಧಾನ್ಯಚರಿತ್ರೆ’ಗೆ ಬರಬಹುದು. ಕನಕದಾಸರು ಕೋಲಾರ ಸೀಮೆಯವರಲ್ಲ. ಆದರೆ ಈ ಕಾವ್ಯದ ನಾಯಕನಾದ ರಾಗಿ ಇಲ್ಲಿನದು. ಆದ್ದರಿಂದ ರಾಗಿಯ ಸೀಮೆಯ ಶ್ರೋತೃವಿನ ಕಿವಿಯಿಂದ ಇದನ್ನು ಕೇಳಿಸಿಕೊಳ್ಳುವುದು ಅನುಚಿತವಾಗಲಾರದು.

ಭಾಮಿನಿ ಷಟ್ಪದಿಯಲ್ಲಿರುವ ಈ ಪುಟ್ಟ ಕಾವ್ಯದ ಕಥೆ ಸುಪರಿಚಿತವಾದದ್ದು. ಲಂಕೆಯಿಂದ ಹಿಂದಿರುಗುವ ರಾಮನಿಗೆ ಋಷಿಗಳ ಆಶ್ರಮದಲ್ಲಿ ಔತಣವಾಗುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಏಳುತ್ತದೆ. ಗೌತಮನು ನರೆದಲೆಗ, ಎಂದರೆ ರಾಗಿ, ಎನ್ನುತ್ತಾನೆ. ವ್ರೀಹಿ, ಎಂದರೆ ಭತ್ತ, ಕೆರಳುತ್ತದೆ. ತಾನು ಯಜ್ಞಕ್ಕೂ ಮಂತ್ರಾಕ್ಷತೆಗೂ ಸಲ್ಲುವವನು, ಶೂದ್ರರ ಆಹಾರವಾದ ಇವನೊಡನೆ ತನಗೆಲ್ಲಿಯ ಸಮಾನತೆ ಎಂದು ಹಳಿಯುತ್ತದೆ. ರಾಗಿ ಸುಮ್ಮನಿರುವುದಿಲ್ಲ; ನೀನು ಸಿರಿವಂತರ ಕಡೆಯವನು, ಬಡವರನ್ನು ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೂ ಬೀಳುವವನು, ಕ್ಷಾಮದಲ್ಲಿ ಲೋಕವನ್ನು ಉಳಿಸಿದವನು ನಾನು ಎಂದು ಮರುನುಡಿಯುತ್ತದೆ. ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸಲು ಅಪ್ಪಣೆ ಮಾಡುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಕುಂದದೆ ಉಳಿದಿರುತ್ತದೆ. ರಾಮನು ತನ್ನ ರಾಘವ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ, ಭತ್ತವನ್ನೂ ಸಮಾಧಾನಪಡಿಸುತ್ತಾನೆ.

ಈ ಕಾವ್ಯವನ್ನು ಮೂರು ಬಗೆಯಾಗಿ ಓದುತ್ತ ಬರಲಾಗಿದೆ. ಹರಿದಾಸ ಸಾಹಿತ್ಯದ ಚೌಕಟ್ಟಿನಲ್ಲಿ ಇದು ರಾಮಮಹಿಮೆ. ದೀನನಾದ ಧಾನ್ಯವೊಂದನ್ನು ದೇವರು ಎತ್ತಿಹಿಡಿದ ಕಥೆ. ದಲಿತ ಬಂಡಾಯದ ಕಾಲದಿಂದ ಈಚೆಗೆ ಇದು ಜಾತಿ ಮತ್ತು ವರ್ಗಗಳ ಸಂಘರ್ಷದ ರೂಪಕ. ಭತ್ತ ಮೇಲಿನವರು, ರಾಗಿ ಕೆಳಗಿನವರು. ತೀರ ಈಚೆಗೆ, ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಸುತ್ತಮುತ್ತಲಿನ ವರ್ಷಗಳಲ್ಲಿ, ಇದೇ ಕಾವ್ಯ ಪೌಷ್ಟಿಕತೆಯ ಪ್ರಚಾರಕ್ಕೂ ಒದಗಿ ಬಂದಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಇದೆ ಎಂಬ ಮಾತಿನ ಪಕ್ಕದಲ್ಲಿ ಕನಕದಾಸರ ಹೆಸರು ಕಾಣಿಸಿಕೊಳ್ಳುತ್ತದೆ. ಮೂರೂ ಓದುಗಳಿಗೆ ಕಾವ್ಯದಲ್ಲಿ ಆಧಾರವಿದೆ. ಮೂರೂ ತಪ್ಪಿಸಿಕೊಂಡದ್ದು ಅದರ ನಗೆಯನ್ನು.

ಎರಡನೆಯ ಓದಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕಾವ್ಯದಲ್ಲಿ ಸಾಮಾಜಿಕ ಟೀಕೆ ಇದೆಯೆಂದು ಎತ್ತಿ ತೋರಿಸಿದ ಗೌರವ ಅದಕ್ಕೆ ಸಲ್ಲಬೇಕು. ಆದರೆ ಟೀಕೆಯನ್ನು ಗುರುತಿಸುವುದೂ ವಿಡಂಬನೆಯನ್ನು ಗುರುತಿಸುವುದೂ ಒಂದೇ ಅಲ್ಲ. ಭತ್ತಕ್ಕೆ ಒಂದು ಜಾತಿಯನ್ನು, ರಾಗಿಗೆ ಇನ್ನೊಂದು ಜಾತಿಯನ್ನು ಸಮೀಕರಿಸಿ ಮುಗಿಸಿದರೆ ಸಭೆಯಲ್ಲಿ ಕುಳಿತ ಉಳಿದವರೆಲ್ಲ ಬಚಾವಾಗುತ್ತಾರೆ. ಋಷಿಗಳು ಯಾರು? ಈಗತಾನೆ ಈ ಧಾನ್ಯಗಳನ್ನು ಉಂಡು ಕೈತೊಳೆದವರು. ಉಂಡವರು ಉಣಿಸಿನ ಕುಲವನ್ನು ವಿಚಾರಿಸಲು ಕುಳಿತಿದ್ದಾರೆ. ಶಾಸ್ತ್ರ ಬಲ್ಲವರೂ ದೇವತೆಗಳೂ ಸೇರಿದ ಸಭೆಗೆ ತೀರ್ಪು ಕೊಡಲಾಗುವುದಿಲ್ಲ. ಎರಡು ಕಾಳುಗಳು ಕುಲ, ಆಚಾರ, ಅರ್ಹತೆಗಳನ್ನು ಹಿಡಿದು ಪಂಡಿತರಂತೆ ವಾಗ್ವಾದ ನಡೆಸುತ್ತಿವೆ. ಜಾತಿಯ ವಾದವನ್ನು ಮನುಷ್ಯರ ಬಾಯಲ್ಲಿ ಇಟ್ಟರೆ ಅದು ಗಂಭೀರವಾಗಿ ಕೇಳುತ್ತದೆ. ಕಾಳಿನ ಬಾಯಲ್ಲಿ ಇಟ್ಟಾಗ ಅದರ ಟೊಳ್ಳು ಸದ್ದು ಮಾಡುತ್ತದೆ. ಕವಿ ನಗುತ್ತಿರುವುದು ಭತ್ತವನ್ನು ಕುರಿತು ಮಾತ್ರವಲ್ಲ, ಆ ಸಭೆಯನ್ನು ಕುರಿತು.

ಇನ್ನು ಸೆರೆಮನೆ. ಇದನ್ನು ವಿಮರ್ಶಕರು ಪರೀಕ್ಷೆಯ ಸಂಕೇತವೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ರಾಗಿ ಬೆಳೆಯುವವನು ಹಾಗೆ ಮುಂದೆ ಹೋಗಲಾರ. ರಾಗಿಯನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿ, ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಬಿಡುವುದು ಹಳೆಯ ಮೈಸೂರು ಸೀಮೆಯ ರೂಢಿಯಾಗಿತ್ತು. 1800-01ರಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಗೇವನ್ನು ಗಮನಿಸಿ ಬರೆದಿದ್ದಾನೆ. ತೆರೆಯುವಾಗ ಒಳಗಿನ ಕಾವು ಹೊರಹೋಗುವ ತನಕ ಕಾದು ಇಳಿಯಬೇಕು. ಅವಸರಪಟ್ಟವರಿಗೆ ಉಸಿರು ಕಟ್ಟುತ್ತದೆ. ಕತ್ತಲೆ, ಮುಚ್ಚಿದ ಬಾಯಿ, ಗೊತ್ತಾದ ಅವಧಿ, ಆಮೇಲೆ ಹೊರಗೆ ತೆಗೆದು ನೋಡುವುದು: ರಾಮನು ವಿಧಿಸಿದ ಸೆರೆ ಹಗೇವೇ ಆಗಿದೆ. ರಾಗಿಗೆ ಹುಳು ಬೀಳುವುದು ವಿರಳ ಎಂಬುದನ್ನು ಬಲ್ಲ ಕೇಳುಗನಿಗೆ ಅಪ್ಪಣೆಯಾದ ಗಳಿಗೆಯಲ್ಲಿಯೇ ಫಲಿತಾಂಶ ಗೊತ್ತು. ವೇದ, ಶಾಸ್ತ್ರ, ದೇವತೆಗಳು ಬಗೆಹರಿಸಲಾರದ ವ್ಯಾಜ್ಯವನ್ನು ಒಂದು ಕಣಜದ ಕೆಲಸ ಬಗೆಹರಿಸುತ್ತದೆ. ಅವನಿಗೆ ನಗು ಬರುವುದು ತೀರ್ಪಿನಲ್ಲಿ ಅಲ್ಲ, ಅಪ್ಪಣೆಯಲ್ಲಿ. ಶಿಕ್ಷೆಯೆಂದು ಕೊಟ್ಟದ್ದು ರಾಗಿಗೆ ತವರುಮನೆ. ಕವಿಯ ಸಂಕಲ್ಪ ಹೀಗೇ ಇತ್ತೆಂದು ಹಟ ಹಿಡಿಯಲಾರೆ. ಕೇಳುಗನಿಗೆ ಹೀಗೆ ಕೇಳಿಸುವ ಸಾಧ್ಯತೆಯನ್ನು ಕಾವ್ಯ ತೆರೆದಿಟ್ಟಿದೆ ಎಂಬುದಷ್ಟೇ ನನ್ನ ವಾದ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಕೆರೆಗಳ ಜಿಲ್ಲೆಯಾದ ಕೋಲಾರದಲ್ಲಿ ಭತ್ತ ಕೆರೆಯ ಕೆಳಗಿನ ತರಿ ಜಮೀನಿನದು, ರಾಗಿ ಮಳೆಯನ್ನು ನಂಬಿದ ಖುಷ್ಕಿಯದು. ಕೆರೆಯ ನೀರು ಯಾರ ಗದ್ದೆಗೆ ಮೊದಲು ಹರಿಯಬೇಕು ಎಂಬುದು ಊರಿನ ಅಧಿಕಾರದ ಪ್ರಶ್ನೆ. ಅನ್ನ ಹಬ್ಬಕ್ಕೆ, ನೆಂಟರಿಗೆ. ಹಿಟ್ಟು, ಅಂದರೆ ಮುದ್ದೆ, ತೆಲುಗಿನ ಮನೆಗಳ ಸಂಗಟಿ, ದಿನದ ಬಾಳಿಗೆ. ನೆಂಟರ ಮುಂದೆ ಮುದ್ದೆ ಇಡಲು ನಾಚಿದ ತಲೆಮಾರುಗಳು ಇಲ್ಲಿ ಆಗಿಹೋಗಿವೆ. ಭತ್ತದ ಬಾಯಲ್ಲಿ ಬರುವ ಬೈಗುಳಗಳು ಈ ಜನಕ್ಕೆ ಪುರಾಣದ ಮಾತಾಗಿ ಕೇಳಿಸಲಾರವು. ಜೊತೆಗೆ ಮುಳಬಾಗಿಲಿನ ಆವಣಿಯನ್ನೂ ನೆನೆಯಬೇಕು. ಸೀತೆ ಅಲ್ಲಿ ಲವಕುಶರನ್ನು ಹಡೆದಳೆಂಬುದು ಸ್ಥಳೈತಿಹ್ಯ. ರಾಮನನ್ನು ಪರಿತ್ಯಕ್ತೆಯ ಅಂಗಳದಿಂದ ಕಂಡ ಸೀಮೆಯಿದು. ಲಂಕೆಯ ಸೆರೆಯನ್ನು ಕಳೆದು ಬಂದವಳನ್ನು ಪರೀಕ್ಷೆಗೆ ಒಡ್ಡಿ ಹಿಂದಿರುಗುತ್ತಿರುವ ರಾಮನು ದಾರಿಯಲ್ಲಿ ಇನ್ನಿಬ್ಬರನ್ನು ತಪ್ಪಿಲ್ಲದೆ ಸೆರೆಗೆ ತಳ್ಳಿ ಪರೀಕ್ಷಿಸುತ್ತಾನೆ ಎಂದು ಆವಣಿಯ ಶ್ರೋತೃವಿಗೆ ಹೊಳೆದರೆ ರಾಘವ ಎಂಬ ಹೆಸರಿನ ಬಹುಮಾನಕ್ಕೆ ಬೇರೆಯೇ ರುಚಿ ಬರುತ್ತದೆ.

ಹಾಗಾದರೆ ಈ ವಿಡಂಬನೆ ಗುರುತು ಸಿಗದೆ ಉಳಿದದ್ದು ನಷ್ಟವೇ? ಪೂರ್ತಿಯಾಗಿ ಹಾಗೆನ್ನಲಾಗದು. ರಾಮನ ಹೆಸರಿಲ್ಲದಿದ್ದರೆ ಇದನ್ನು ಓಲೆಯಿಂದ ಓಲೆಗೆ ಎತ್ತಿ ಬರೆಯುವವರು ಎಷ್ಟು ಜನ ಇರುತ್ತಿದ್ದರು? ಪ್ರತಿಕಾರರಲ್ಲಿ ಬಹುಮಂದಿ ಅನ್ನ ಉಣ್ಣುವ ಮನೆಗಳವರೇ ಆಗಿದ್ದಿರಬೇಕು. ಅವರು ಇದನ್ನು ರಾಮಕಥೆಯೆಂದು ನಂಬಿದ್ದರಿಂದ ಉಳಿಯಿತು. ಇಂಗ್ಲೆಂಡಿನಲ್ಲಿ ಡೇನಿಯಲ್ ಡಿಫೋ 1702ರಲ್ಲಿ ಹೆಸರು ಹಾಕದೆ ಒಂದು ಕಿರುಹೊತ್ತಗೆ ತಂದನು. ಭಿನ್ನಮತೀಯರನ್ನು ನಿರ್ಮೂಲ ಮಾಡಬೇಕೆಂದು ಕಟ್ಟಾ ಸಂಪ್ರದಾಯಸ್ಥನ ದನಿಯಲ್ಲಿ ವಾದಿಸುವ ಆ ಹೊತ್ತಗೆಯನ್ನು ಸಂಪ್ರದಾಯಸ್ಥರು ನಿಜವೆಂದು ನಂಬಿ ಮೆಚ್ಚಿದರು. ಅಣಕಿಸಿದ್ದು ತಮ್ಮನ್ನೇ ಎಂದು ತಿಳಿದಾಗ ಬರೆದವನನ್ನು ಹಿಡಿಸಿ 1703ರಲ್ಲಿ ಮೂರು ದಿನ ಬೀದಿಯಲ್ಲಿ ಕಟ್ಟೆಗೆ ಬಿಗಿಸಿ ನಿಲ್ಲಿಸಿದರು. ಅಲ್ಲಿ ಗುರುತಿಸುವಿಕೆ ಕೆಲವೇ ವಾರಗಳು ತಡವಾಯಿತು, ಕವಿಗೆ ಶಿಕ್ಷೆಯಾಯಿತು. ಕನಕದಾಸರ ವಿಷಯದಲ್ಲಿ ಅದು ಶತಮಾನಗಳು ತಡವಾಯಿತು. ಕಾವ್ಯ ಕ್ಷೇಮವಾಗಿ ನಮ್ಮನ್ನು ಮುಟ್ಟಿತು. ಹೊಟ್ಟೆಪಾಡಿಗೆ ಬೇಗ ಗುರುತು ಸಿಗಬೇಕಾದ ವೇಷಗಾರನಿಗೂ, ತಡವಾಗಿ ಸಿಕ್ಕರೂ ಕೆಡದ ಓಲೆಗರಿಗೂ ಇರುವ ವ್ಯತ್ಯಾಸ ಇದು. ಹಗೇವಿನ ರಾಗಿಯ ಸ್ಥಿತಿಯೂ ಇದೇ ಎಂದು ಹೇಳುವ ಆಸೆಯಾಗುತ್ತದೆ. ಆದರೆ ರೂಪಕವನ್ನು ಅಷ್ಟು ದೂರ ಎಳೆಯುವುದು ಬೇಡ.

ಮುಳಬಾಗಿಲಿನವರೇ ಆದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ ಇನ್ನಷ್ಟು ಸೂಕ್ಷ್ಮವಾದ ಪ್ರಕರಣ. 1943ರಲ್ಲಿ ಪ್ರಕಟವಾದ ಈ ಕೃತಿಯ 945 ಪದ್ಯಗಳು ಇಂದು ಕನ್ನಡದ ಭಗವದ್ಗೀತೆ ಎಂಬ ಹೆಸರು ಪಡೆದಿವೆ. ವ್ಯಾಖ್ಯಾನಗಳು, ಪ್ರವಚನಗಳು, ಕಂಠಪಾಠದ ಸ್ಪರ್ಧೆಗಳು ನಡೆಯುತ್ತಿವೆ. ಇದು ವಿಡಂಬನಕಾವ್ಯವಲ್ಲ, ನಿಜ. ಆದರೆ ಅದರ ಶೀರ್ಷಿಕೆಯನ್ನು ಒಮ್ಮೆ ಅದರ ಪದಾರ್ಥದಲ್ಲಿ ಓದಿ. ಕಗ್ಗ ಎಂದರೆ ಹುರುಳಿಲ್ಲದ, ಒರಟಾದ ಮಾತು. ಮಂಕು ಎಂದರೆ ದಡ್ಡತನ. ತಿಮ್ಮ ಎಂಬುದು ತಿರುಪತಿ ತಿಮ್ಮಪ್ಪನ ಹೆಸರು ಹೊತ್ತ, ಈ ಗಡಿಯಲ್ಲಿ ಬೀದಿಗೆ ಹತ್ತು ಮಂದಿ ಸಿಗುವ ಸಾಮಾನ್ಯ ಹೆಸರು. ದಡ್ಡ ತಿಮ್ಮನೊಬ್ಬನ ಹುರುಳಿಲ್ಲದ ಮಾತು ಎಂದು ಹೊದಿಕೆಯ ಮೇಲೆ ಬರೆದುಕೊಂಡ ಪುಸ್ತಕದ ಆರಂಭದ ಪದ್ಯಗಳಲ್ಲಿಯೇ ದೇವರು, ಜಗತ್ತು, ಬಾಳಿನ ಅರ್ಥ ಇವನ್ನು ಕುರಿತ ಪ್ರಶ್ನೆಗಳು ಸಾಲುಗಟ್ಟುತ್ತವೆ. ಉಪದೇಶ ಮಾಡುವವನ ಪೀಠವನ್ನು ಮೊದಲೇ ಕೆಡವಿ, ನೆಲದ ಮೇಲೆ ಕುಳಿತು ಆಡುವ ಮಾತಿದು. ಉಪದೇಶಕನ ಗತ್ತನ್ನು ಕುರಿತ ಒಂದು ತಣ್ಣನೆಯ ಅಣಕ ಆ ಹೆಸರಿನಲ್ಲಿದೆ. ಅಣಕದ ಮೊದಲ ಗುರಿ ಸ್ವತಃ ಕವಿ.

ಓದುಗವರ್ಗ ಏನು ಮಾಡಿತು? ಪದ್ಯದ ಕೊನೆಯಲ್ಲಿ ಬರುವ ಸಂಬೋಧನೆಯನ್ನು ವಚನಕಾರರ ಅಂಕಿತದಂತೆ ತೆಗೆದುಕೊಂಡಿತು. ಅಂಕಿತವೆಂದಾದ ಮೇಲೆ ಅದರ ಅರ್ಥವನ್ನು ಯಾರೂ ವಿಚಾರಿಸುವುದಿಲ್ಲ. ಮಂಕುತಿಮ್ಮ ಹೇಳುವವನೋ ಹೇಳಿಸಿಕೊಳ್ಳುವವನೋ ಎಂಬ ಕಾವ್ಯದ ಒಳಗಿನ ತೊಡಕು ಹಾಗೆ ಇಲ್ಲವಾಯಿತು. ಕೆಡವಿದ ಪೀಠವನ್ನು ಓದುಗರು ಎತ್ತಿ ನಿಲ್ಲಿಸಿ, ತಿಮ್ಮನನ್ನು ಇಳಿಸಿ, ಗುಂಡಪ್ಪನವರನ್ನು ಕೂರಿಸಿದರು. ಇಲ್ಲಿ ಓದುಗರನ್ನು ಪೂರ್ತಿ ದೂಷಿಸುವುದು ನ್ಯಾಯವಲ್ಲ. ಕವಿಯ ಉದ್ದೇಶದಲ್ಲಿ ಗಾಂಭೀರ್ಯವಿತ್ತು, ಸಾಂತ್ವನವನ್ನು ಅರಸಿ ಬಂದವರಿಗೆ ಅದು ದೊರೆಯಿತು. ಆದರೂ ಹೋಲಿಕೆಗೆ ಬೀಚಿಯವರನ್ನು ನೋಡಬಹುದು. ಅವರ ಬರಹಗಳ ನಾಯಕನ ಹೆಸರೂ ತಿಮ್ಮನೇ. ‘ತಿಮ್ಮನ ತಲೆ’ಯನ್ನು ಕೈಗೆತ್ತಿಕೊಂಡವನು ನಗಲು ಸಿದ್ಧನಾಗಿ ಕುಳಿತಿರುತ್ತಾನೆ, ಅಲ್ಲಿ ತತ್ತ್ವ ಬಂದರೂ ನಗುತ್ತಾನೆ. ಕಗ್ಗವನ್ನು ಎತ್ತಿಕೊಂಡವನು ಕೈಮುಗಿಯಲು ಸಿದ್ಧನಾಗಿರುತ್ತಾನೆ. ಇಲ್ಲಿ ಅಣಕ ಬಂದರೂ ಕೈಮುಗಿಯುತ್ತಾನೆ. ಒಂದೇ ಹೆಸರು ಎರಡು ಕಡೆ ಎರಡು ಬಗೆಯ ಕಿವುಡನ್ನು ಹುಟ್ಟಿಸಿದೆ. ಬೀಚಿಯವರಿಗೆ ಆದ ಅನ್ಯಾಯ ಬಹುಶಃ ದೊಡ್ಡದು, ಆದರೆ ಅದು ಬೇರೆ ಲೇಖನದ ವಿಷಯ.

ಕೈಲಾಸಂ ಅವರ ನಾಟಕಗಳೂ ಈ ಮಾತಿಗೆ ಒಳಪಡುತ್ತವೆ. ಇಂಗ್ಲಿಷು ಬೆರೆಸಿದ ಪೇಟೆಯ ಕನ್ನಡವನ್ನು ಅವರು ರಂಗದ ಮೇಲೆ ತಂದದ್ದು ಆ ಮಾತಿನ ಹಿಂದಿನ ಸೋಗನ್ನು ಬಯಲಿಗೆಳೆಯಲು. ಪ್ರೇಕ್ಷಕರು ಆ ಮಾತನ್ನೇ ಮೆಚ್ಚಿ ಮನೆಗೆ ಒಯ್ದು ಆಡತೊಡಗಿದರು. ‘ಟೊಳ್ಳುಗಟ್ಟಿ’ಯಲ್ಲಿ ಟೊಳ್ಳು ಯಾವುದೆಂದು ನೋಡಿ ನಕ್ಕವರಿಗೆ ತಾವು ಆ ಪಕ್ಷದವರಾಗಿರಬಹುದೆಂಬ ಅನುಮಾನ ಬರಲಿಲ್ಲ. ನಗು ಗುರುತಿಸುವಿಕೆಗೆ ಸಾಕ್ಷಿ ಎಂದು ನಾವು ನಂಬಿರುವುದು ಎಷ್ಟು ಅಸ್ಥಿರವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಈ ಎಲ್ಲ ಪ್ರಕರಣಗಳಿಂದ ಸಂಗ್ರಾಹಕರಾದ ನಮಗೆ ಒದಗುವ ಹೊಣೆ ಪ್ರಾಯೋಗಿಕವಾದದ್ದು. ಧ್ವನಿಮುದ್ರಿಕೆಯ ಜೊತೆಗೆ ಹಾಡಿದವರ ಹೆಸರು, ವಯಸ್ಸು, ಊರು, ಜಾತಿ ಬರೆದುಕೊಳ್ಳುವುದು ರೂಢಿಯಲ್ಲಿದೆ. ಎದುರಿಗೆ ಕುಳಿತವರು ಯಾರು, ಅವರಲ್ಲಿ ಯಾರು ನಕ್ಕರು, ಯಾವ ಸಾಲಿಗೆ ನಕ್ಕರು, ಯಾರು ನಗಲಿಲ್ಲ ಎಂಬುದನ್ನು ಬರೆದುಕೊಳ್ಳುವುದು ಇನ್ನೂ ರೂಢಿಯಾಗಿಲ್ಲ. ಮುದ್ರಣಕ್ಕೆ ಸಿದ್ಧಪಡಿಸುವಾಗ ಕೇಳುಗರ ನಗೆಯನ್ನು ಗದ್ದಲವೆಂದು ಬಿಟ್ಟುಬಿಡುತ್ತೇವೆ. ಕಾಕುವಿಗೆ ಲಿಪಿಯಲ್ಲಿ ಗುರುತಿಲ್ಲದಿರಬಹುದು. ಕಾಕುವಿಗೆ ಕೇಳುಗ ಕೊಟ್ಟ ಉತ್ತರವನ್ನಾದರೂ ಒಂದು ಅಡ್ಡಗೆರೆಯಿಂದ ಸೂಚಿಸಬಹುದು. ತೆಲುಗಿನಿಂದ ಕನ್ನಡಕ್ಕೆ ಹೊರಳಿದ ಕಡೆ ಅಚ್ಚಿನ ಮೊಳೆಯನ್ನು ಬದಲಿಸಲು ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ಗ್ರಂಥಾಲಯಗಳ ಸೂಚಿಯಲ್ಲಿ ಒಂದು ಕೃತಿ ಎರಡು ವರ್ಗಗಳಲ್ಲಿ ನಮೂದಾಗುವುದಕ್ಕೂ ಯಾವ ನಿಷೇಧವೂ ಇಲ್ಲ. ರಾಮಧಾನ್ಯಚರಿತ್ರೆಯ ಚೀಟಿ ಹರಿದಾಸ ಸಾಹಿತ್ಯದಲ್ಲಿಯೂ ಇರಲಿ, ವಿಡಂಬನ ಸಾಹಿತ್ಯದಲ್ಲಿಯೂ ಇರಲಿ.

ಇದನ್ನು ತುರ್ತಾಗಿ ಹೇಳಲು ಕಾರಣ ಶ್ರೋತೃವೇ ಬದಲಾಗುತ್ತಿರುವುದು. ಈ ಸೀಮೆಯಲ್ಲಿ ಹಗೇವುಗಳು ಮುಚ್ಚಿಹೋಗಿವೆ. ಹೊಸ ತಲೆಮಾರಿನವರಲ್ಲಿ ಹಲವರು ಅದರ ಬಾಯಿಯನ್ನು ಕಂಡಿಲ್ಲ. ಪಡಿತರದ ಅಕ್ಕಿ ಬಡವರ ಮನೆಗೂ ಬಂದು ಅನ್ನ ಹಬ್ಬದ ಊಟವಾಗಿ ಉಳಿದಿಲ್ಲ. ರಾಗಿ ನಗರದ ಸಿರಿವಂತರ ತಟ್ಟೆಯನ್ನು ಹತ್ತಿದೆ. ಭತ್ತ ರಾಗಿಯನ್ನು ಹಳಿಯುವ ಮಾತು ನಾಳಿನ ಓದುಗನಿಗೆ ತಲೆಕೆಳಗಾಗಿ ಕೇಳಿಸಬಹುದು. ಮುಂದೆ ಈ ಕಾವ್ಯವನ್ನು ಯಾರಾದರೂ ಟಿಪ್ಪಣಿಗಳೊಡನೆ ಸಂಪಾದಿಸುವುದಾದರೆ, ವ್ರೀಹಿ, ನರೆದಲೆಗ ಎಂಬ ಪದಗಳಿಗೆ ಅರ್ಥ ಕೊಟ್ಟು ನಿಲ್ಲದೆ, ಸೆರೆ ಎಂಬ ಎಲ್ಲರಿಗೂ ತಿಳಿದ ಪದಕ್ಕೂ ಒಂದು ಟಿಪ್ಪಣಿ ಬರೆಯಬೇಕಾಗುತ್ತದೆ: ಹಗೇವು ಎಂದರೇನು, ಅದನ್ನು ಎಷ್ಟು ಆಳ ತೋಡುತ್ತಿದ್ದರು, ಬಾಯಿಯನ್ನು ಯಾವುದರಿಂದ ಮುಚ್ಚುತ್ತಿದ್ದರು, ಆರು ತಿಂಗಳ ಮೇಲೆ ಅದರೊಳಗೆ ಇಳಿದವರು ಏನನ್ನು ಕಾಣುತ್ತಿದ್ದರು ಎಂಬುದನ್ನು, ಅದರೊಳಗೆ ಇಳಿದು ಬಂದವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಂಡು.